ಹಳೇ ಸ್ಯಾನ್ ಸ್ಟಾರ್ಮ್ ಗೇರ್‌ಬಾಕ್ಸಿಗಿ ಯಾವ ಎಣ್ಣಿ ಹಾಕ್ಲಿ? ಅಂಗಡಿಗೊಂದು ಮಾತು ಹೇಳ್ಲತ್ತಾರ

ಬಿಸಿಲೂರ ಹುಡುಗ (ಕಲಬುರಗಿ):
ನಮಸ್ಕಾರ್ರಿ. ನಮ್ಮ ಸೋದರಮಾವಾಂದು ಒಂದು ಸ್ಯಾನ್ ಸ್ಟಾರ್ಮ್ ಅದ. ಗೊತ್ತಿಲ್ದೋರಿಗಿ ಹೇಳ್ತೀನಿ, ಗೋವಾದಾಗ ತಯಾರಾಗ್ತಿದ್ದ ಎರಡೇ ಸೀಟಿನ ಸಣ್ಣ ಕಾರು, ಮ್ಯಾಲ ಕ್ಯಾನ್ವಾಸ್ ಟಪ್ಪು, 1998ರಾಗ ಬಂದಿದ್ದು. ಬಾಡಿ ಪೂರಾ ಫೈಬರ್, ಎಂಜಿನ್ ರೆನೋದ 1149 ಸಿಸಿ. ಆರು ವರ್ಷ ಸೇಡಂ ರೋಡಿನ ನಮ್ಮ ಶೆಡ್ಡಿನಾಗ ತೊಗರಿ ಚೀಲದ ಹಿಂದ ನಿಂತಿತ್ತು. ಈಗ ನಾ ಎಬ್ಬಿಸೀನಿ.

ಎಂಜಿನ್ ಫಸ್ಟ್‌ಕ್ಲಾಸ್ ಅದ. ತಂಟೆ ಇರೋದು ಗೇರಿಂದು. ಮೂರರಿಂದ ಎರಡಕ್ಕ ಇಳಿಸುವಾಗ ಕರ್ರ್ ಅಂತದ. ಮುಂಜಾನಿ ಥಂಡ್ಯಾಗಂತೂ ಎರಡನೇ ಗೇರ್ ಬೀಳೂದೇ ಇಲ್ಲ, ಎಮ್ಮಿ ಕೊಟ್ಟಿಗಿ ಬಾಗಲದಾಗ ಕಾಲೂರಿ ನಿಂತಂಗ ನಿಲ್ತದ. ಎರಡು ತಿಂಗಳ ಹಿಂದ ಊರಾಗಿನ ಒಂದು ಗ್ಯಾರೇಜಿನಾಗ ಎಣ್ಣಿ ಬದಲಿ ಮಾಡ್ಸೀನಿ. "ಸ್ಪೋರ್ಟ್ಸ್ ಗಾಡಿ ಅದ, ಸ್ಟ್ರಾಂಗ್ ಎಣ್ಣಿ ಬೇಕು" ಅಂತಂದು 80ಡಬ್ಲ್ಯೂ-90 (ಎಣ್ಣಿ ದಪ್ಪದ ನಂಬರ್) ಜಿಎಲ್-5 (ಗೇರ್ ಎಣ್ಣಿ ಜಾತಿ) ಹಾಕಿದ್ರು. ಅದಾದ ಮ್ಯಾಲ ಕರ್ರ್ ಜಾಸ್ತಿನೇ ಆಗ್ಯಾದ.

ಸೂಪರ್ ಮಾರ್ಕೆಟ್ ಕಡಿ ಒಂದು ಅಂಗಡ್ಯಾಂವ ಇಪಿ 90 ಅನ್ನೋ ಗೇರ್ ಎಣ್ಣಿ ಒಯ್ಯಿ ಅಂದ. ಇನ್ನೊಬ್ಬಾಂವ ಎಂಜಿನ್ ಎಣ್ಣಿನೇ ಹಾಕು ಅಂದ. ಹೈದರಾಬಾದ್‌ನಾಗಿರೋ ನಮ್ಮ ಕಾಕಾನ ಮಗ ಫುಲ್ ಸಿಂಥೆಟಿಕ್ 75ಡಬ್ಲ್ಯೂ-90 ಬಿಟ್ರ ಬ್ಯಾರೆ ಮುಟ್ಟಬ್ಯಾಡ ಅಂತಾನ. ಗಾಡಿ ಪುಸ್ತಕ ಇಲಿ ತಿಂದಾವ. ಎಳ್ಳಮಾಸಿಗಿ ಇದರಾಗೇ ಹೊಲಕ್ಕ ಹೋಗ್ಬೇಕಂತ ಮಾವ ಹಟ ಹಿಡದಾನ. ಹದಿನೈದು ದಿನ ಅದ. ಏನ್ ಮಾಡ್ಲಿ?

ಶಹಾಬಾದ್ ಕಲ್ಲು:
ಫೋಟೊ ಹಾಕ್ರಿ ಮೊದಲ. ಕಲಬುರಗ್ಯಾಗ ಸ್ಟಾರ್ಮ್ ಅದ ಅಂದ್ರ ನಾ ನಂಬಲ್ಲ.

ತೊಗರಿಬ್ಯಾಳಿ:
60 ಬಿಎಚ್‌ಪಿ ಗಾಡಿಗಿ ಸ್ಪೋರ್ಟ್ಸ್ ಕಾರ್ ಅಂತೀರೇನ್ರಿ? ನಮ್ಮ ತಮ್ಮನ ಹಳೇ ಸ್ವಿಫ್ಟ್ ಇದನ್ನ ಆಳಂದ ನಾಕಾ ದಾಟೂದ್ರಾಗ ಹಿಂದ ಹಾಕ್ತದ.

ಎರಡನೇ ಗೇರ್ (ಬೀದರ್):
@ತೊಗರಿಬ್ಯಾಳಿ ಅಣ್ಣಾ, ಸ್ವಿಫ್ಟ್‌ನ ಛಾವಣಿ ಬಿಚ್ಚಿ ತೋರ್ಸು, ಆಮ್ಯಾಲ ಮಾತಾಡಣ. ಎರಡು ಸೀಟು, ತೆರೆದ ತಲಿ, ಹಗುರ ಬಾಡಿ. ಸ್ಪೋರ್ಟ್ಸ್ ಕಾರ್ ಅಂದ್ರ ಇನ್ನೇನು ಕೊಂಬಿರ್ತಾವೇನು?

ಬಿಸಿಲೂರ ಹುಡುಗನಿಗೆ: ಗ್ಯಾರೇಜಿನಾಂವ ಮಾಡಿದ್ದೇ ತಪ್ಪು. ಜಿಎಲ್-5 ಹಿತ್ತಾಳಿ ತಿಂತದ. ನಿಮ್ಮ ಗೇರ್ ಸಲೀಸಾಗಿ ಕೂಡಿಸೋ ಸಿಂಕ್ರೋ ರಿಂಗು ಹಿತ್ತಾಳಿದು. ಇವತ್ತೇ ಖಾಲಿ ಮಾಡ್ರಿ, ಜಿಎಲ್-4 ಹಾಕ್ರಿ. ಮುಗೀತು.

ಜಾರುಬಂಡೆ (ಬೆಂಗಳೂರು):
"ಹಿತ್ತಾಳೆ ತಿನ್ನುತ್ತೆ" ಅನ್ನೋದು ಅರ್ಧ ನಿಜ, ಅರ್ಧ ಗಾಳಿಮಾತು. ನಾನು ಲೂಬ್ರಿಕೆಂಟ್ ಲೈನಲ್ಲೇ ಹತ್ತು ವರ್ಷ ಇದ್ದವನು, ಸ್ವಲ್ಪ ಬಿಡಿಸಿ ಹೇಳ್ತೀನಿ.

ಜಿಎಲ್ ಪಕ್ಕದ ನಂಬರ್ ಪರೀಕ್ಷೆಯ ಮಾರ್ಕ್ಸ್ ಅಲ್ಲ. ಐದು ಅಂದ ಮಾತ್ರಕ್ಕೆ ನಾಲ್ಕಕ್ಕಿಂತ ಒಳ್ಳೇದು ಅಂತಲ್ಲ. ಜಿಎಲ್-5 ಇರೋದು ಹೈಪಾಯ್ಡ್ ಗೇರಿಗೆ, ಅಂದ್ರೆ ಹಿಂದಿನ ಚಕ್ರ ಎಳೆಯೋ ಗಾಡಿಗಳ ಡಿಫರೆನ್ಷಿಯಲ್‌ಗೆ (ಎಂಜಿನ್ ಬಲಾನ ಎರಡೂ ಚಕ್ರಕ್ಕೆ ಹಂಚೋ ಗೇರುಗಳಿಗೆ). ಅಲ್ಲಿ ಹಲ್ಲು ಹಲ್ಲಿನ ಮೇಲೆ ಉರುಳೋದರ ಜೊತೆಗೆ ಉಜ್ಜಿಕೊಂಡು ಜಾರುತ್ತೆ, ಒತ್ತಡಕ್ಕೆ ಎಣ್ಣೆಯ ಪದರ ಹರಿದುಹೋಗುತ್ತೆ. ಹಾಗಾಗಿ ಗಂಧಕ, ರಂಜಕದ ಸೇರ್ಪಡೆಯನ್ನ ಜಿಎಲ್-4ರಲ್ಲಿ ಇರೋದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಹಾಕಿರ್ತಾರೆ. ಡಬ್ಬಿ ಮುಚ್ಚಳ ತೆಗೆದ್ರೆ ಕೊಳೆತ ಮೊಟ್ಟೆ ವಾಸನೆ ಬರುತ್ತಲ್ಲ, ಅದು ಈ ಗಂಧಕದ್ದು.

ಹಳೇ ಕಾಲದ ಜಿಎಲ್-5 ಬಿಸಿಯಾದಾಗ ತಾಮ್ರ, ಹಿತ್ತಾಳೆಗೆ ಕೈ ಹಾಕ್ತಿದ್ದಿದ್ದು ಹೌದು. ಈಗಿನವು ಅಷ್ಟು ಕೆಟ್ಟವಲ್ಲ, ಎರಡು ತಿಂಗಳಲ್ಲಿ ನಿಮ್ಮ ರಿಂಗನ್ನ ಕರಗಿಸಿಬಿಟ್ಟಿದೆ ಅಂತ ಹೆದರಬೇಡಿ. ತೊಂದರೆ ಬೇರೆ ಕಡೆ ಇದೆ. ಸಿಂಕ್ರೋ ರಿಂಗಿನ ಕೆಲಸ ಜಾರೋದಲ್ಲ, ಹಿಡಿಯೋದು. ಅದೊಂದು ಪುಟ್ಟ ಬ್ರೇಕು. ಗೇರು ಬೀಳೋ ಮುಂಚೆ ರಿಂಗು ಕೋನ್ ಮೇಲೆ ಒತ್ತಿ, ಮಧ್ಯದ ಎಣ್ಣೆ ಹಿಂಡಿ ಹಾಕಿ, ಎರಡರ ವೇಗ ಒಂದು ಮಾಡ್ಬೇಕು. ಅತಿ ಜಾರುವ ಎಣ್ಣೆ ಇದ್ರೆ ಬ್ರೇಕ್ ಪ್ಯಾಡಿಗೆ ಬೆಣ್ಣೆ ಸವರಿದ ಹಾಗೆ. ವೇಗ ಒಂದಾಗೋ ಮೊದಲೇ ಹಲ್ಲು ಹಲ್ಲಿಗೆ ತಾಕುತ್ತೆ, ಕರ್ರ್ ಅನ್ನುತ್ತೆ.

ಸ್ಟಾರ್ಮ್ ಮುಂದಿನ ಚಕ್ರದ ಗಾಡಿ. ಎಂಜಿನ್ ಅಡ್ಡ ಕೂತಿದೆ, ಡಿಫರೆನ್ಷಿಯಲ್ ಗೇರ್‌ಬಾಕ್ಸ್ ಒಳಗೇ ಇದೆ, ಹೈಪಾಯ್ಡ್ ಇಲ್ಲವೇ ಇಲ್ಲ. ಜಿಎಲ್-5ರಿಂದ ಅದಕ್ಕೆ ಮೂರು ಕಾಸಿನ ಲಾಭ ಇಲ್ಲ.

ಎರಡನೇ ಗೇರ್ (ಬೀದರ್):
ನಾ ಹೇಳಿದ್ದೂ ಅದೇ ಆಯ್ತಲ್ರಿ. ಜಿಎಲ್-4 ಹಾಕು. ನೀವು ಪುರಾಣ ಹೇಳಿ ಅಲ್ಲಿಗೇ ಬಂದ್ರಿ.

ಜಾರುಬಂಡೆ (ಬೆಂಗಳೂರು):
ಉತ್ತರ ಒಂದೇ, ಕಾರಣ ಬೇರೆ. ನಿಮ್ಮ ಮಾತು ಕೇಳಿ ಅವರು ಗೇರ್‌ಬಾಕ್ಸ್ ಬಿಚ್ಚಿ ರಿಂಗ್ ಬದಲಾಯಿಸೋಕೆ ಹೊರಟಿದ್ರೆ?

ಭೀಮಾ ತೀರ (ಯಾದಗಿರಿ):
ಇದೆಲ್ಲಾ ಓದಿ ತಲಿ ತಿರಗ್ಲತ್ತದ. ನಮ್ಮಪ್ಪ ಅಂಬಾಸಡರ್‌ಗೆ ಮೂವತ್ತು ವರ್ಷ ಇಪಿ 90 ಹಾಕ್ಯಾನ. ಗೇರ್‌ಬಾಕ್ಸಿಗೂ ಅದೇ, ಹಿಂದಿನ ಡಿಫರೆನ್ಷಿಯಲ್ ಗುಂಡಿಗಿಗೂ ಅದೇ, ಟ್ರ್ಯಾಕ್ಟರಿಗೂ ಅದೇ. ಒಂದು ಡ್ರಮ್ ತಂದ್ರ ಮೂರು ವರ್ಷ.

ಶಹಾಬಾದ್ ಕಲ್ಲು:
ಅಂಬಾಸಡರ್‌ನಾಗ ಗೇರ್ ಹಾಕೋದಂದ್ರ ಬಾವಿಯಿಂದ ಕೊಡ ಎಳೆದಂಗ. ಕರ್ರ್ ಅಂದ್ರೂ ಯಾರು ಕೇಳ್ತಿದ್ರು?

ಕಾಗಿಣಾ ಎಕ್ಸ್‌ಪ್ರೆಸ್ (ಸೇಡಂ):
ಬುಲೆಟ್ ನೆನಪಾಯ್ತು. ಹಳೇ ಕಾಸ್ಟ್ ಐರನ್ ಬುಲೆಟ್ಟಿಗಿ ಗೇರ್‌ಬಾಕ್ಸ್ ಬ್ಯಾರೆ ಇರ್ತಿತ್ತು, ಗೇರು ಬಲಗಾಲಿನಾಗ. ಎಣ್ಣಿ ಸೋರ್ತದಂತ ನಮ್ಮ ಉಸ್ತಾದ್ ಅದರಾಗ ಗ್ರೀಸ್ ತುಂಬ್ತಿದ್ದ, ಮ್ಯಾಲ ಒಂದೀಟು 90 ನಂಬರ್. ಸೋರೋದು ನಿಂತಿತು, ಗೇರ್ ಬೀಳೋದೂ ನಿಂತಿತು!

ತೊಗರಿಬ್ಯಾಳಿ:
ಎಂಜಿನ್ ಎಣ್ಣಿ ಹಾಕು ಅಂದಾಂವ ಹುಚ್ಚನೇನು? ಯಾರೂ ಅದರ ಬಗ್ಗೆ ಮಾತಾಡ್ಲೇ ಇಲ್ಲ.

ಜಾರುಬಂಡೆ (ಬೆಂಗಳೂರು):
ಹುಚ್ಚನಲ್ಲ. ಗೇರ್ ಎಣ್ಣೆ ನಂಬರ್ ಬೇರೆ ತಕ್ಕಡಿ, ಎಂಜಿನ್ ಎಣ್ಣೆ ನಂಬರ್ ಬೇರೆ ತಕ್ಕಡಿ. 90 ಅಂದ ತಕ್ಷಣ 50ಕ್ಕಿಂತ ಡಬಲ್ ದಪ್ಪ ಅಂದ್ಕೋತಾರೆ. 100 ಡಿಗ್ರಿಯಲ್ಲಿ ಅಳೆದ್ರೆ ಗೇರಿನ 90, ಎಂಜಿನ್‌ನ 40–50ರ ಆಸುಪಾಸು ಬರುತ್ತೆ. ಗೇರಿನ 80 ಇನ್ನೂ ತೆಳು, 20–30ರ ಹತ್ತಿರ. ಹಳೇ ಮಿನಿ ಕಾರಲ್ಲಿ ಎಂಜಿನ್‌ಗೂ ಗೇರ್‌ಬಾಕ್ಸಿಗೂ ಒಂದೇ ಎಣ್ಣೆ. ನಮ್ಮ ಬೈಕ್‌ಗಳಲ್ಲೂ ಹೆಚ್ಚಿನವು ಹಾಗೇ. ಆದ್ರೆ ರೆನೋ ಗೇರ್‌ಬಾಕ್ಸಿಗೆ ನಾನು ಹಾಕಲ್ಲ, ಗೇರ್ ಎಣ್ಣೆ ಸಿಗೋವಾಗ ಯಾಕೆ ಬೇಕು?

ಭೀಮಾ ತೀರ (ಯಾದಗಿರಿ):
ಹಂಗಾದ್ರ 75ಡಬ್ಲ್ಯೂ ಬೇಕೋ 80ಡಬ್ಲ್ಯೂ ಬೇಕೋ? ನಮ್ಮ ಬಿಸಿಲಿಗಿ ದಪ್ಪ ಎಣ್ಣಿನೇ ಬರೋಬ್ಬರಿ ಅಲ್ಲೇನ್ರಿ? ಮೇ ತಿಂಗಳದಾಗ 43-44 ಡಿಗ್ರಿ, ತೆಳು ಎಣ್ಣಿ ನೀರಾಗಿ ಹೋಗ್ತದ.

ಎರಡನೇ ಗೇರ್ (ಬೀದರ್):
ಡಬ್ಲ್ಯೂ ಅಂದ್ರ ವಿಂಟರ್. 75ಡಬ್ಲ್ಯೂನ −40 ಡಿಗ್ರಿಯಾಗ ಪರೀಕ್ಷೆ ಮಾಡ್ತಾರ, 80ಡಬ್ಲ್ಯೂನ −26ರಾಗ. ಕಲಬುರಗಿಗಿ −40 ಯಾವ ಜನ್ಮದಾಗ ಬರ್ತದ? ಇಲ್ಲಿ ಎರಡೂ ಒಂದೇ.

ಜಾರುಬಂಡೆ (ಬೆಂಗಳೂರು):
ಒಂದೇ ಅಲ್ಲ. −40 ಬರಬೇಕಾಗಿಲ್ಲ. 13-14 ಡಿಗ್ರಿ ಬೆಳಗಿನಲ್ಲೂ ಸಾಮಾನ್ಯವಾಗಿ 75ಡಬ್ಲ್ಯೂ ಎಣ್ಣೆ 80ಡಬ್ಲ್ಯೂಗಿಂತ ಸಡಿಲವಾಗಿರುತ್ತೆ. ಮುಂಜಾನೆ ಗೇರ್ ಬೀಳಲ್ಲ ಅಂತಾನೇ ತಾನೇ ಅವರ ದೂರು? ಮೊದಲ ಎರಡು ಕಿಲೋಮೀಟರ್‌ನಲ್ಲಿ ಇದು ಕೈಗೆ ಗೊತ್ತಾಗುತ್ತೆ. ಬಿಸಿಲಿನ ವಿಷಯ: ಓಡೋ ಗೇರ್‌ಬಾಕ್ಸು ತನ್ನ ಉಜ್ಜಾಟಕ್ಕೆ, ಪಕ್ಕದ ಎಂಜಿನ್ ಬಿಸಿಗೆ ತಾನೇ ಕಾಯುತ್ತೆ. ಹೊರಗೆ 44 ಇದ್ದ ಮಾತ್ರಕ್ಕೆ ನೀರಾಗಲ್ಲ.

ಮಿಸ್ತ್ರಿ ಹುಮನಾಬಾದ್:
ಎಲ್ಲಾರೂ ಡಬ್ಬಿ ಮ್ಯಾಲಿನ ಅಕ್ಷರ ಓದ್ಲತ್ತೀರಿ, ಗಾಡಿ ತೆಳಗ ಯಾರೂ ಇಣಿಕಿ ನೋಡ್ಲಿಲ್ಲ.

ತಮ್ಮಾ, ಮೂರು ಮಾತು ಕೇಳ್ತೀನಿ. ಕರ್ರ್ ಅನ್ನೋದು ಎರಡನೇದ್ರಾಗ ಮಾತ್ರನೋ, ಎಲ್ಲಾ ಗೇರಿನಾಗೋ? ಎಲ್ಲದ್ರಾಗ ಅಂದ್ರ ಸಿಂಕ್ರೋ ಅಲ್ಲ, ಕ್ಲಚ್ ಪೂರಾ ಬಿಡವಲ್ದು. ಕೇಬಲ್ ನೋಡು. ಎರಡನೇದು, ಗಾಡಿ ನಿಂತಾಗ ಕ್ಲಚ್ ಒತ್ತಿ ನಾಕು ಎಣಿಸಿ ರಿವರ್ಸ್ ಹಾಕು. ಆಗ್ಲೂ ಕರ್ರ್ ಅಂದ್ರ ಅದೂ ಕ್ಲಚ್ಚೇ. ಮೂರನೇದು, ಮುಖ್ಯ: ಗಾಡಿ ನಿಂತ ಜಾಗ್ಯಾದಾಗ ಎಡಗಡಿ ಎಣ್ಣಿ ಕಲೆ ಅದನು?

ಯಾಕ ಕೇಳ್ಲತ್ತೀನಂದ್ರ, ಆ ಕಾಲದ ರೆನೋ ಸಣ್ಣ ಗಾಡಿಗಳ ಜೆಬಿ ಗೇರ್‌ಬಾಕ್ಸಿಗಿ ಒಂದು ಖೋಡಿ ಅದ. ಬ್ಯಾರೆ ಗಾಡ್ಯಾಗ ಚಕ್ರಕ್ಕ ಹೋಗೋ ಶಾಫ್ಟಿನ ರಬ್ಬರ್ ಬೂಟಿನೊಳಗ (ಮಡಿಕಿ ಚೀಲದೊಳಗ) ಗ್ರೀಸ್ ಇರ್ತದ. ಇದರಾಗ ಎಡಗಡಿ ಒಳಗಿನ ಬೂಟಿನಾಗ ಗೇರ್ ಎಣ್ಣಿನೇ ಅಡ್ಡಾಡ್ತದ. ಬೂಟು ಸೀಳ್ತಂದ್ರ ಗೇರ್‌ಬಾಕ್ಸ್ ಎಣ್ಣಿ ರೋಡಿಗಿ. ಆರು ವರ್ಷ ನಿಂತ ರಬ್ಬರು ನಮ್ಮ ಬಿಸಿಲಿಗಿ ಹಪ್ಪಳ ಆಗಿರ್ತದ. ಎಣ್ಣಿ ಯಾವ್ದು ಅಂತ ಜಗಳ ಆಮ್ಯಾಲ. ಎಣ್ಣಿ ಅದನೋ ಇಲ್ಲೋ ಮೊದಲ ನೋಡು.

ಬಿಸಿಲೂರ ಹುಡುಗ (ಕಲಬುರಗಿ):
ಉಸ್ತಾದ್, ಎರಡನೇದ್ರಾಗ ಮಾತ್ರ, ಒಂದೊಂದು ಸಲ ಮೂರರಾಗ. ರಿವರ್ಸ್ ತಡೆದು ಹಾಕಿದ್ರ ಸುಮ್ನ ಬೀಳ್ತದ. ಕಲೆ... ಶೆಡ್ಡಿನಾಗ ನೆಲ ಮಣ್ಣಿಂದು, ತೊಗರಿ ಹೊಟ್ಟು ಬಿದ್ದದ. ನಾಳಿ ಮುಂಜಾನಿ ನೋಡಿ ಹೇಳ್ತೀನಿ.

ಶಹಾಬಾದ್ ಕಲ್ಲು:
ಫೋಟೊ ಎಲ್ಲಿ?

ಕಾಗಿಣಾ ಎಕ್ಸ್‌ಪ್ರೆಸ್ (ಸೇಡಂ):
ತೊಗರಿ ಚೀಲದ ವಿಷಯ ಬಂತು, ಈ ಸಲ ಗಂಜಿನಾಗ ರೇಟ್ ಏನ್ ನಡದದ?

ತೊಗರಿಬ್ಯಾಳಿ:
ಅದಕ್ಕ ಬ್ಯಾರೆ ಕಡಿ ಕೇಳ್ರಿ. ನನ್ನ ಹೆಸರು ನೋಡಿ ಎಲ್ಲಾರೂ ರೇಟ್ ಕೇಳ್ತಾರ, ನಾ ಬ್ಯಾಂಕಿನಾಗ ಕೆಲಸ ಮಾಡ್ತೀನಿ.

ಬಿಸಿಲೂರ ಹುಡುಗ (ಕಲಬುರಗಿ):
ಮಿಸ್ತ್ರಿ ಅಣ್ಣಾ, ಕಾಲಿಗಿ ಬೀಳ್ತೀನಿ. ಬ್ಯಾಟರಿ ಹಿಡದು ತೆಳಗ ಮಲಗಿ ನೋಡ್ದೆ. ಎಡಗಡಿ ಬೂಟಿನ ಮಡಿಕ್ಯಾಗ ಬಟ್ಟಿನುದ್ದ ಸೀಳು. ಬೂಟಿನ ಸುತ್ತ ಎಣ್ಣಿ ಮಣ್ಣು ಕೂಡಿ ಕರಿ ಹೆಂಟಿ ಆಗಿ ಕುಂತದ, ಉಗುರಿನಾಗ ಕೆರದ್ರ ತೊಗರಿ ಹೊಟ್ಟೂ ಬರ್ಲತ್ತದ. ಗೇರ್‌ಬಾಕ್ಸಿನ ಮ್ಯಾಲ ಬಟ್ಟಿಲೆ ಒರಸಿದ್ರ ಜೆಬಿ ಅನ್ನೋ ಅಕ್ಷರನೂ ಕಂಡ್ವು.

ಎಣ್ಣಿ ಇಳಸ್ಬೇಕಂದ್ರ ಡ್ರೈನ್ ನಟ್ಟಿಗಿ ಪಾನಾನೇ ಕೂಡವಲ್ದು. ಒಳಗ ಚೌಕ ತೂತು ಅದ!

ಮಿಸ್ತ್ರಿ ಹುಮನಾಬಾದ್:
8 ಎಂಎಂ ಚೌಕ ಚಾವಿ ಬೇಕು. ಫ್ರೆಂಚ್ ಗಾಡಿ ಚಾಳಿನೇ ಹಂಗ. ಅಲೆನ್ ಕೀ ತುರುಕಿ ಸುತ್ತು ತಿನ್ನಿಸಿಗಿನ್ನಿಸಿ. ಹಳೇ ಸಾಕೆಟ್ ಸೆಟ್ಟಿನ ಮೂರು-ಎಂಟು (3/8 ಇಂಚಿನ) ಎಕ್ಸ್‌ಟೆನ್ಷನ್ ಇದ್ರ ಅದರ ಚೌಕ ತುದಿ ಸುಮಾರು ಒಂಬತ್ತೂವರಿ ಎಂಎಂ ಇರ್ತದ. ಲೇತ್‌ನಾಂವಗ ಕೊಟ್ಟು ನಾಕೂ ಬಾಜು ಎಂಟಕ್ಕ ಸಾಣಿ ಹಿಡಿಸು. ಚಾ ಕುಡಿಯೋದ್ರಾಗ ಆಗ್ತದ.

ಮತ್ತ ನೆನಪಿಡು. ಇಳಿಸೋ ನಟ್ಟು ಬಿಚ್ಚೋಕಿಂತ ಮೊದಲ ತುಂಬೋ ಮುಚ್ಚಳ ಬಿಚ್ಚಿ ನೋಡು. ನಾ ಹೊಸದಾಗಿ ಕಲಿವಾಗ ಒಬ್ಬರ ವ್ಯಾನಿಂದು ಎಣ್ಣಿ ಪೂರಾ ಇಳಿಸಿ ಕುಂತೆ, ಮ್ಯಾಲಿನ ನಟ್ಟು ತುಕ್ಕು ಹಿಡದು ಬಿಚ್ಚವಲ್ದು. ಗಾಡಿ ಎಣ್ಣಿ ಇಲ್ದೆ, ಮಾಲಕ್ ಎದುರಿಗಿ, ಸಂಜಿ ಏಳು ಗಂಟಿ. ಉಸ್ತಾದ್ ಕೊಟ್ಟ ಏಟು ಇನ್ನೂ ನೆನಪದ.

ಎರಡನೇ ಗೇರ್ (ಬೀದರ್):
ಬೂಟು ಎಲ್ಲಿ ಸಿಗ್ತದ? ಸ್ಟಾರ್ಮ್ ಸಾಮಾನು ಅಂದ್ರ ಅಂಗಡ್ಯಾಂವ ನಗ್ತಾನ.

ಮಿಸ್ತ್ರಿ ಹುಮನಾಬಾದ್:
ಸ್ಟಾರ್ಮ್ ಅನ್ನಬ್ಯಾಡ, ರೆನೋ ಅನ್ನು. ನಮ್ಮ ದೇಶದಾಗ 2007ರಿಂದ ಲೋಗನ್ ಬಂತು, ಆಮ್ಯಾಲ ಅದೇ ವೆರಿಟೊ ಆಯ್ತು. ಟ್ಯಾಕ್ಸಿ ಓಡಿಸಿದೋರು ಬಕ್ಕಳ ಮಂದಿ, ಅದರ ಸಾಮಾನು ಇನ್ನೂ ಅದ. ಹಳೇ ಬೂಟು ಬಿಚ್ಚಿ ಕೈಯಾಗ ಹಿಡ್ಕೊಂಡು ಸಿಕಂದರಾಬಾದ್ ರಾಣಿಗಂಜ್‌ಗೆ ಹೋಗು, ಅಳತಿ ಕೂಡಿಸಿ ನೋಡು. ಕೂಡದಿದ್ರ ತರಬ್ಯಾಡ. ಫೋನಿನಾಗ ಮಾತ್ರ ಆರ್ಡರ್ ಮಾಡಬ್ಯಾಡ.

ಜಾರುಬಂಡೆ (ಬೆಂಗಳೂರು):
ಉಸ್ತಾದರಿಗೆ ನಮಸ್ಕಾರ. ನಾನು ಅಷ್ಟು ಉದ್ದ ಬರೆದೆ, ಲೆವೆಲ್ ನೋಡಿ ಅಂತ ಒಂದು ಸಾಲು ಬರೀಲಿಲ್ಲ.

ಎಣ್ಣೆ ಬಗ್ಗೆ ಕೊನೇ ಮಾತು: ಈ ಗೇರ್‌ಬಾಕ್ಸ್‌ಗಳಿಗೆ ರೆನೋ ಸೂಚಿಸೋದು ಎಲ್ಫ್ ಟ್ರಾನ್‌ಸೆಲ್ಫ್ 75ಡಬ್ಲ್ಯೂ-80. ಸಿಕ್ಕರೆ ಅದು, ಇಲ್ಲ ಅಂದ್ರೆ ಒಳ್ಳೇ ಕಂಪನಿಯ 75ಡಬ್ಲ್ಯೂ-80 ಜಿಎಲ್-4. ಸಿಂಕ್ರೋ ಸವೆದಿದ್ದು ಬಿಸಿಯಾದಾಗ ಶಬ್ದ ಬಂದ್ರೆ 75ಡಬ್ಲ್ಯೂ-90ಕ್ಕೆ ಹೋಗಬಹುದು, ಆದ್ರೆ ಡಬ್ಬಿ ಹಿಂದೆ ಜಿಎಲ್-4 ಅಂತಾನೇ ಇರಲಿ. ಕೆಲವು ಡಬ್ಬಿಗಳಲ್ಲಿ "ಜಿಎಲ್-4/ಜಿಎಲ್-5" ಅಂತ ಎರಡೂ ಇರುತ್ತೆ. ಅದು ಮನೇಲಿ ಜಿಎಲ್-5ರ ಮಗ, ಪೇಟೇಲಿ ಜಿಎಲ್-4ರ ಅಳಿಯ. ನಾನಂತೂ ಬೇಡ ಅಂತೀನಿ.

ಎರಡನೇ ಗೇರ್ (ಬೀದರ್):
ಎರಡೂ ಬರೆದಿದ್ದನ್ನೇ ನಾ ಐದು ವರ್ಷ ನನ್ನ ಗಾಡಿಗಿ ಹಾಕೀನಿ, ಏನೂ ಆಗಿಲ್ಲ. ಎಲ್ಲದಕ್ಕೂ ಬ್ಯಾಡ ಅಂದ್ರ ಹೆಂಗ?

ಜಾರುಬಂಡೆ (ಬೆಂಗಳೂರು):
ನಿಮ್ಮ ಗಾಡಿಗೆ ಆಗಿಲ್ಲ, ಸಂತೋಷ. ಅವರ ಗಾಡಿ ಆಗಲೇ ಕರ್ರ್ ಅಂತಿದೆ.

ಬಿಸಿಲೂರ ಹುಡುಗ (ಕಲಬುರಗಿ):
ಚಾವಿ ತಯಾರಾಯ್ತು, ಲೇತ್‌ನಾಂವ ರೊಕ್ಕಾನೂ ತಗೋಲಿಲ್ಲ, ಗಾಡಿ ನೋಡ್ಲಿಕ್ಕ ಬರ್ತೀನಂದ. ಉಸ್ತಾದ್ ಹೇಳ್ದಂಗ ಮೊದಲ ತುಂಬೋ ಮುಚ್ಚಳ ಬಿಚ್ಚಿ ಇಟ್ಕೊಂಡು ಇಳಿಸಿದೆ. ಇದಕ್ಕ ಮೂರು ಲೀಟರಿಗಿ ಮ್ಯಾಲ ಬೇಕು. ಬಂದಿದ್ದು ಒಂದೂ ಮುಕ್ಕಾಲು ಲೀಟರ್! ಹಾಲಿನ ಮಾಪಿನಾಗ ಅಳದೀನಿ (ಅವ್ವಗ ಹೇಳಬ್ಯಾಡ್ರಿ).

ಎಣ್ಣಿ ಬಿಸಿಲಿಗಿ ಹಿಡದು ನೋಡ್ದೆ. ಕರಿ ಎಣ್ಣ್ಯಾಗ ಬಂಗಾರದ ಪುಡಿ ತೇಲ್ಲತ್ತದ. ಹಳೇ ಸ್ಪೀಕರಿನ ಅಯಸ್ಕಾಂತ ಅದ್ದಿದ್ರ ಥೋಡೆ ಕರಿ ಕೆಸರು ಹತ್ತಿತು, ಬಂಗಾರದ್ದು ಹತ್ಲಿಲ್ಲ.

ಭೀಮಾ ತೀರ (ಯಾದಗಿರಿ):
ಕರಿ ಮ್ಯಾಲ ಬಂಗಾರ, ಬಿದರಿ ಕೆಲಸ ಆಯ್ತು ನೋಡು.

ಎರಡನೇ ಗೇರ್ (ಬೀದರ್):
ಬಿದರಿಯಾಗ ಬೆಳ್ಳಿ ತಂತಿ ಕೂಡಿಸ್ತಾರಪ್ಪಾ. ಬೀದರ್ ಹೆಸರು ಕೆಡಿಸಬ್ಯಾಡ.

ಮಿಸ್ತ್ರಿ ಹುಮನಾಬಾದ್:
ಹತ್ತಲಾರದ್ದು ಹಿತ್ತಾಳಿ, ಸಿಂಕ್ರೋ ರಿಂಗಿಂದು. ಹತ್ತಿದ್ದು ಕಬ್ಬಿಣ, ನುಣ್ಣಗ ಕೆಸರಿನಂಗ ಇದ್ರ ಇಷ್ಟು ವರ್ಷಕ್ಕ ಸಹಜ. ಚೂರು, ತುಂಡು ಬಂದಿದ್ರ ಅಂಜಬೇಕಿತ್ತು. ಬೂಟು ಹಾಕಿ, ಸಪಾಟ ಜಾಗ್ಯಾದಾಗ ಗಾಡಿ ನಿಲ್ಲಿಸಿ, ತೂತಿನ ಅಂಚಿಗಿ ಎಣ್ಣಿ ಬಂದು ಹೊರಗ ಸೋರೋತನ ತುಂಬು. ಜ್ಯಾಕ್ ಮ್ಯಾಲ ಗಾಡಿ ವಾರಿ ಇಟ್ಟು ತುಂಬಿದ್ರ ಲೆಕ್ಕ ತಪ್ತದ. ಎಣ್ಣಿ ಹಾಕಿದ್ರ ಸವದ ರಿಂಗು ಬೆಳಿಯಾಂಗಿಲ್ಲ ಮತ್ತ. ಕರ್ರ್ ಕಮ್ಮಿ ಆಗ್ತದ, ಪೂರಾ ಹೋಗ್ತದಂತ ನಾ ಹೇಳಲ್ಲ.

ತೊಗರಿಬ್ಯಾಳಿ:
ಆ ಗ್ಯಾರೇಜಿನಾಂವ ಮೂರು ಲೀಟರ್ ಬಿಲ್ ಮಾಡಿದ್ನೋ, ಎರಡು ಲೀಟರ್ ಹಾಕಿದ್ನೋ?

ಬಿಸಿಲೂರ ಹುಡುಗ (ಕಲಬುರಗಿ):
ಬಿಲ್ ನೋಡ್ದೆ. ಎರಡು ಲೀಟರ್. ಪಾಪ, ರೊಕ್ಕದಾಗ ಮೋಸ ಮಾಡಿಲ್ಲ. ಬೂಟಿಂದ ಸೋರಿದ್ದು ಪಾವು ಲೀಟರ್ ಅಷ್ಟೇ ಅಂತಾಯ್ತು. ಉಳಿದದ್ದು ಅಂವ ಹಾಕೇ ಇಲ್ಲ.

ಮಿಸ್ತ್ರಿ ಹುಮನಾಬಾದ್:
ಬ್ಯಾರೆ ಸಣ್ಣ ಗಾಡಿಗಿ ಎರಡು ಹಿಡಿತದ, ಅದೇ ಅಂದಾಜಿನಾಗ ಹಾಕ್ಯಾನ. ಅಂಚಿಗಿ ಬಂತೋ ಇಲ್ಲೋ ಬೆರಳು ಹಾಕಿ ನೋಡಿದ್ರ ಮುಗೀತಿತ್ತು.

ಬಿಸಿಲೂರ ಹುಡುಗ (ಕಲಬುರಗಿ):
ಎಳ್ಳಮಾಸಿ ಮುಗಿಸಿ ಬರೀಲತ್ತೀನಿ. ರಾಣಿಗಂಜ್‌ನಾಗ ನಾಕನೇ ಅಂಗಡ್ಯಾಗ ಬೂಟು ಕೂಡಿತು. ಎಣ್ಣಿ 75ಡಬ್ಲ್ಯೂ-80 ಜಿಎಲ್-4, ಟ್ರಾನ್‌ಸೆಲ್ಫ್ ಸಿಗಲಿಲ್ಲ, ಬ್ಯಾರೆ ಕಂಪನಿದು. ಅಂಚಿಂದ ಸೋರೋತನ ತುಂಬಿದೆ.

ಮೊದಲನೇ ದಿನ ಅಷ್ಟೇನು ಫರಕ್ ಅನಿಸಲಿಲ್ಲ. ಐವತ್ತು-ಅರವತ್ತು ಕಿಲೋಮೀಟರ್ ಆದ ಮ್ಯಾಲ ಮೂರು ಪೂರಾ ಸುಮ್ನಾಯ್ತು. ಎರಡನೇದು ಬಿಸಿ ಇದ್ದಾಗ ಬೆಣ್ಯಾಗ ಚಾಕು ಹೋದಂಗ. ಮುಂಜಾನಿ ಮೊದಲನೇ ಹತ್ತು ನಿಮಿಷ ಮಾತ್ರ ಅವಸರ ಮಾಡಿದ್ರ ಇನ್ನೂ ಕರ್ರ್ ಅಂತದ. ನಡುವ ನ್ಯೂಟ್ರಲ್‌ನಾಗ ಒಂದು ಉಸಿರು ತಡೆದು ಹಾಕಿದ್ರ ಬೀಳ್ತದ. ಮಾವ ಅಂತೂ "ಗಾಡಿಗೂ ನನ್ನ ಮೊಳಕಾಲಿಗೂ ಮುಂಜಾನಿ ಒಂದೇ ಜಡ್ಡು, ಬಿಡು" ಅಂದ. ಗೇರ್‌ಬಾಕ್ಸ್ ಬಿಚ್ಚೋದು ಸದ್ಯಕ್ಕ ಇಲ್ಲ.

ಹೊಲಕ್ಕ ಹೋದ್ವಿ. ಟಪ್ಪು ತೆಗದು. ಊರ ಹುಡುಗುರೆಲ್ಲಾ ಹಿಂದ ಓಡಿ ಬಂದ್ರು. ಫೋಟೊ ಹಾಕೀನಿ, ಶಹಾಬಾದ್ ಅಣ್ಣಾ, ಈಗರೆ ನಂಬು.

ಶಹಾಬಾದ್ ಕಲ್ಲು:
ನಂಬಿದೆ. ಕೆಂಪು ಬಣ್ಣ ಮಸ್ತ್ ಅದ. ಆದ್ರ ಸಜ್ಜಿ ರೊಟ್ಟಿ, ಭಜ್ಜಿ ಗಡಿಗಿ, ಇಬ್ಬರು ಮನಷಾರು ಇದರಾಗ ಹೆಂಗ ಹಿಡದ್ವು?

ಬಿಸಿಲೂರ ಹುಡುಗ (ಕಲಬುರಗಿ):
ಭಜ್ಜಿ ಗಡಿಗಿ ನನ್ನ ತೊಡಿ ಮ್ಯಾಲ. ಗೇರ್ ಹಾಕಿದಾಗೆಲ್ಲಾ ಮಾವನ ಮೊಳಕೈ ಗಡಿಗಿಗಿ. ಉಳಿದ ಮಂದಿ ಟ್ರ್ಯಾಕ್ಟರಿನಾಗ ಬಂದ್ರು.

ಭೀಮಾ ತೀರ (ಯಾದಗಿರಿ):
ಆ ಟ್ರ್ಯಾಕ್ಟರಿಗಿ ಯಾವ ಎಣ್ಣಿ ಹಾಕೀರಿ?

ಕಾಗಿಣಾ ಎಕ್ಸ್‌ಪ್ರೆಸ್ (ಸೇಡಂ):
ಮತ್ತ ಶುರು ಮಾಡಬ್ಯಾಡ್ರಿ ದೇವ್ರು!

ತೊಗರಿಬ್ಯಾಳಿ:
ತಮ್ಮಾ, ಆ 8 ಎಂಎಂ ಚೌಕ ಚಾವಿ ಎರಡು ದಿನ ಕೊಡ್ತಿಯೇನು? ಸ್ವಿಫ್ಟ್ ಮಾರಿ ನಮ್ಮ ತಮ್ಮ ಹಳೇ ಲೋಗನ್ ತಂದಾನ, ಅದೂ ಎಡಗಡಿ ಏನೋ ಸೋರ್ಲತ್ತದ.

ಬಿಸಿಲೂರ ಹುಡುಗ (ಕಲಬುರಗಿ):
ಬಂದು ಒಯ್ಯಿ ಅಣ್ಣಾ. ಮೊದಲ ಸ್ಟಾರ್ಮ್ ಸ್ಪೋರ್ಟ್ಸ್ ಕಾರ್ ಹೌದಂತ ಇಲ್ಲಿ ಬರೀಬೇಕು.

ತೊಗರಿಬ್ಯಾಳಿ:
ಹೌದಪ್ಪಾ ಹೌದು. ಸಂಜಿ ಆರಕ್ಕ ಬರ್ತೀನಿ.